ಹಳೆಯ ಗಿಟಾರ್ ಆಂಪ್‌ನ ಸ್ಪೀಕರ್: ದೋಷ ಹುಡುಕುವ ಮೊದಲು ವಯಸ್ಸು ಕೇಳಿ

ಹಳೆಯ ಗಿಟಾರ್ ಆಂಪ್ಲಿಫೈಯರ್ ಕರಕರ ಎಂದ ಕೂಡಲೇ ಬಹಳ ಮಂದಿ ವಾಲ್ವ್ (ಗಾಜಿನ ನಿರ್ವಾತ ಕೊಳವೆ) ಬದಲಾಯಿಸುತ್ತಾರೆ. ಅದರಿಂದ ಪ್ರಯೋಜನವಾಗದಿದ್ದರೆ ಸ್ಪೀಕರ್ ಬಿಚ್ಚಿ ಹೊಸ ಕೋನ್, ಅಂದರೆ ಕಾಗದದ ಶಂಕು, ಹಾಕಿಸಲು ಕೊಡುತ್ತಾರೆ. ಎರಡೂ ಆತುರದ ಕೆಲಸಗಳೇ. ಅರವತ್ತು ವರ್ಷ ಬಾಳಿದ ಮೂಲ ಕೋನ್ ಒಮ್ಮೆ ಹೋಯಿತೆಂದರೆ ಹೋಯಿತು. ಅದರ ಜೊತೆಗೆ ಆ ಆಂಪ್‌ನ ದನಿಯ ದೊಡ್ಡ ಪಾಲೂ ಹೋಗುತ್ತದೆ, ಮಾರುಕಟ್ಟೆಯ ಬೆಲೆಯೂ ಇಳಿಯುತ್ತದೆ.

ಸ್ಪೀಕರ್ ಎಂದರೆ ಇಷ್ಟೇ: ಕಾಂತಕ್ಷೇತ್ರದ ಕಿರಿದಾದ ಅಂತರದಲ್ಲಿ ಒಂದು ತಂತಿಸುರುಳಿ (ಕಾಯಿಲ್), ಅದಕ್ಕೆ ಅಂಟಿದ ಕಾಗದದ ಶಂಕು. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ರೈಸ್ ಮತ್ತು ಕೆಲಾಗ್ 1925ರಲ್ಲಿ ವಿವರಿಸಿದ ಈ ರಚನೆ ಮೂಲದಲ್ಲಿ ಇಂದಿಗೂ ಬದಲಾಗಿಲ್ಲ. ಬದಲಾದದ್ದು ಅಯಸ್ಕಾಂತ, ಅಂಟು, ಸುರುಳಿ ಸುತ್ತುವ ಕೊಳವೆ ಮತ್ತು ತಾಳಬಲ್ಲ ವ್ಯಾಟ್. ಹೀಗಾಗಿ 1938ರ ಸ್ಪೀಕರ್ ಕೆಡುವ ಬಗೆ ಒಂದು, 1958ರದು ಇನ್ನೊಂದು, 1978ರದು ಮತ್ತೊಂದು. ವಯಸ್ಸು ಗೊತ್ತಾದರೆ ಎಲ್ಲಿ ನೋಡಬೇಕೆಂಬುದು ಅರ್ಧ ಗೊತ್ತಾದಂತೆ.

ಮೊದಲು ಎಚ್ಚರಿಕೆ

ವಾಲ್ವ್ ಆಂಪ್‌ನ ಒಳಗೆ 300ರಿಂದ 500 ವೋಲ್ಟ್‌ವರೆಗೆ ಇರುತ್ತದೆ. ಪ್ಲಗ್ ಕಿತ್ತ ಮೇಲೂ ಕೆಪಾಸಿಟರ್‌ಗಳು ಅದನ್ನು ಹಿಡಿದಿಟ್ಟುಕೊಳ್ಳುತ್ತವೆ. ಅವುಗಳನ್ನು ಖಾಲಿ ಮಾಡುವ ಕ್ರಮ ಗೊತ್ತಿಲ್ಲದವರು ಚಾಸಿಯೊಳಗೆ ಕೈ ಹಾಕಬಾರದು. ಸ್ಪೀಕರ್ ಪರೀಕ್ಷೆಗಳಲ್ಲಿ ಹೆಚ್ಚಿನವಕ್ಕೆ ಅದರ ಅಗತ್ಯವೂ ಇಲ್ಲ.

ಎರಡನೆಯದಾಗಿ, ಸ್ಪೀಕರ್ ಜೋಡಿಸದೆ ವಾಲ್ವ್ ಆಂಪ್ ಬಾರಿಸಬೇಡಿ. ಹೊರೆಯಿಲ್ಲದ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್‌ನಲ್ಲಿ ವೋಲ್ಟೇಜ್ ಜಿಗಿದು ಒಳಗಿನ ನಿರೋಧಕ ಪದರವನ್ನೇ ಸುಡುತ್ತದೆ. ಅಮೆರಿಕದಿಂದ ತಂದ 117 ವೋಲ್ಟಿನ ಆಂಪ್ ಆದರೆ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕೇ ಬೇಕು. ನಮ್ಮ 50 ಹರ್ಟ್ಸ್ ವಿದ್ಯುತ್ತಿನಲ್ಲಿ 60 ಹರ್ಟ್ಸ್‌ಗೆಂದು ಮಾಡಿದ ಪವರ್ ಟ್ರಾನ್ಸ್‌ಫಾರ್ಮರ್ ತುಸು ಹೆಚ್ಚೇ ಬಿಸಿಯಾಗುತ್ತದೆ. ಅದನ್ನು ದೋಷವೆಂದು ತಿಳಿಯಬೇಡಿ.

ಸ್ಪೀಕರೋ, ಆಂಪೋ?

ಇದನ್ನು ತೀರ್ಮಾನಿಸಲು ಒಂದೇ ಒಂದು ನಂಬಿಕಸ್ತ ದಾರಿ: ಅದೇ ಓಮ್‌ನ, ಸರಿಯಾಗಿರುವ ಇನ್ನೊಂದು ಸ್ಪೀಕರ್‌ಗೆ ಆ ಆಂಪ್ ಜೋಡಿಸಿ ಬಾರಿಸುವುದು. ತೊಂದರೆ ಹೋದರೆ ದೋಷ ಸ್ಪೀಕರ್‌ನಲ್ಲಿ ಅಥವಾ ಪೆಟ್ಟಿಗೆಯಲ್ಲಿ, ಉಳಿದರೆ ಆಂಪ್‌ನಲ್ಲಿ. ಈ ಹೆಜ್ಜೆಯನ್ನು ಹಾರಿಸಿ ಮುಂದೆ ಹೋದವರೇ ಕೊನೆಗೆ ಹೆಚ್ಚು ಹಣ ತೆತ್ತವರು.

ಹಳೆಯ ಫೆಂಡರ್ ಆಂಪ್‌ಗಳಲ್ಲಿ ಇಲ್ಲೊಂದು ಮೋಸವಿದೆ. ಹಿಂಬದಿಯಲ್ಲಿ ಎರಡು ಜ್ಯಾಕ್‌ಗಳಿರುತ್ತವೆ, ಒಂದು ಮುಖ್ಯ ಸ್ಪೀಕರ್‌ಗೆ, ಇನ್ನೊಂದು ಹೆಚ್ಚುವರಿ ಸ್ಪೀಕರ್‌ಗೆ. ಟ್ರಾನ್ಸ್‌ಫಾರ್ಮರ್ ಉಳಿಯಲೆಂದು, ಮುಖ್ಯ ಜ್ಯಾಕ್‌ನಿಂದ ಪ್ಲಗ್ ಕಿತ್ತ ಕೂಡಲೇ ಔಟ್‌ಪುಟ್ ಶಾರ್ಟ್ ಆಗುವಂತೆ ಮಾಡಿದ್ದಾರೆ. ಪರೀಕ್ಷೆಯ ಸ್ಪೀಕರನ್ನು ಎರಡನೆಯ ಜ್ಯಾಕ್‌ಗೆ ಮಾತ್ರ ಚುಚ್ಚಿದರೆ ಸದ್ದೇ ಬರುವುದಿಲ್ಲ. ಆಂಪ್ ಸತ್ತಿದೆ ಎಂದು ತೀರ್ಮಾನಿಸುವ ಮೊದಲು ಯಾವ ಜ್ಯಾಕ್ ಎಂದು ನೋಡಿಕೊಳ್ಳಿ.

ಜಾತಕ ಓದುವುದು

ಅಮೆರಿಕದ ಸ್ಪೀಕರ್‌ಗಳ ಫ್ರೇಮಿನ ಅಂಚಿನಲ್ಲಿ ಶಾಯಿಯಿಂದ ಒತ್ತಿದ ಅಥವಾ ಕೊರೆದ ಸಂಖ್ಯೆಯೊಂದಿರುತ್ತದೆ. 220537 ಎಂದಿದ್ದರೆ 220 ಎಂಬುದು ತಯಾರಕರ ಗುರುತು, ಅಂದರೆ ಜೆನ್ಸನ್. 5 ವರ್ಷದ ಕೊನೆಯ ಅಂಕಿ. 37 ಆ ವರ್ಷದ ವಾರ. 465 ಎಂದರೆ ಆಕ್ಸ್‌ಫರ್ಡ್, 328 ಯೂಟಾ, 137 ಸಿಟಿಎಸ್, 67 ಎಮಿನೆನ್ಸ್. ವರ್ಷಕ್ಕೆ ಒಂದೇ ಅಂಕಿ ಇದ್ದಾಗ ಅದು 1945ರದೋ 1955ರದೋ ಎಂಬುದನ್ನು ಮಾದರಿಯ ಹೆಸರು ಮತ್ತು ಆಂಪ್ ನೋಡಿ ಊಹಿಸಬೇಕು. ಈ ಸಂಖ್ಯೆ ಸ್ಪೀಕರ್ ತಯಾರಾದ ವಾರವನ್ನು ಹೇಳುತ್ತದೆಯೇ ಹೊರತು ಆಂಪ್ ತಯಾರಾದದ್ದನ್ನಲ್ಲ. ಹಲವು ತಿಂಗಳ ಅಂತರ ಸಹಜ. ಆದರೆ ಸ್ಪೀಕರ್ ಆಂಪ್‌ಗಿಂತ ಕಿರಿಯದಾಗಿದ್ದರೆ ಯಾರೋ ಬದಲಾಯಿಸಿದ್ದಾರೆ ಎಂದೇ ಅರ್ಥ.

ಡೆನ್ಮಾರ್ಕ್‌ನಿಂದ ಬಂದು ಅಮೆರಿಕದಲ್ಲಿ ನೆಲೆಸಿದ ಪೀಟರ್ ಜೆನ್ಸನ್ 1927ರಲ್ಲಿ ಕಟ್ಟಿದ ಕಂಪನಿ ತನ್ನ ಮಾದರಿಗಳಿಗೆ ಇಟ್ಟ ಹೆಸರುಗಳು ಬಹಳ ಉಪಕಾರಿ. ಮೊದಲ ಅಕ್ಷರ ಅಯಸ್ಕಾಂತದ್ದು: ಎಫ್ ಎಂದರೆ ಫೀಲ್ಡ್ ಕಾಯಿಲ್ (ವಿದ್ಯುತ್ ಹರಿಸಿ ಮಾಡಿದ ಅಯಸ್ಕಾಂತ), ಪಿ ಎಂದರೆ ಆಲ್ನಿಕೋ (ಅಲ್ಯೂಮಿನಿಯಂ, ನಿಕಲ್, ಕೋಬಾಲ್ಟ್ ಬೆರೆತ ಲೋಹ), ಸಿ ಎಂದರೆ ಸೆರಾಮಿಕ್. ನಂತರದ ಸಂಖ್ಯೆ ಅಂಗುಲ. ಕೊನೆಯ ಅಕ್ಷರ ಅಯಸ್ಕಾಂತದ ಗಾತ್ರವನ್ನೂ ತಾಳಿಕೆಯನ್ನೂ ಸೂಚಿಸುತ್ತದೆ. ಪಿ12ಆರ್‌ಗಿಂತ ಪಿ12ಎನ್ ಗಟ್ಟಿ.

ಇಂಗ್ಲೆಂಡಿನ ಸೆಲೆಸ್ಟಿಯನ್ ಸ್ಪೀಕರ್‌ಗಳಲ್ಲಿ ಟಿ ಅಕ್ಷರದಿಂದ ಆರಂಭವಾಗುವ ಸಂಖ್ಯೆ ನೋಡಿ. ಟಿ530 ಎಂದರೆ ವೋಕ್ಸ್ ಆಂಪ್‌ಗಳ ಆಲ್ನಿಕೋ ಸ್ಪೀಕರ್, ಬಣ್ಣದಿಂದಾಗಿ ಎಲ್ಲರೂ ‘ಬ್ಲೂ’ ಎನ್ನುವುದು. ಟಿ1221 ಎಂದರೆ ಮಾರ್ಷಲ್ ಪೆಟ್ಟಿಗೆಗಳ ಜಿ12ಎಂ, ಹಿಂಬದಿಯ ಹಸಿರು ಮುಚ್ಚಳದ ‘ಗ್ರೀನ್‌ಬ್ಯಾಕ್’.

ಸದ್ದೇ ಇಲ್ಲ

ಸ್ಪೀಕರ್‌ನ ತಂತಿ ಬಿಚ್ಚಿ ಮಲ್ಟಿಮೀಟರ್ ಇಡಿ. ಮೀಟರ್ ತೋರಿಸುವುದು ನೇರ ವಿದ್ಯುತ್ತಿನ ರೋಧ, ಹಾಗಾಗಿ ಹೆಸರಿನ ಓಮ್‌ಗಿಂತ ಕಡಿಮೆ ಬರುವುದೇ ಸರಿ. 8 ಓಮ್ ಸ್ಪೀಕರ್ 6ರಿಂದ 7, 16 ಓಮ್‌ನದು 11ರಿಂದ 14, 4 ಓಮ್‌ನದು ಮೂರಕ್ಕಿಂತ ತುಸು ಹೆಚ್ಚು ತೋರಿಸಿದರೆ ಕಾಯಿಲ್ ಇದೆ ಎಂದಾಯಿತು. ಏನೂ ತೋರಿಸದಿದ್ದರೆ ಕಾಯಿಲ್ ಸುಟ್ಟಿದೆ ಎಂದು ಒಡನೆ ಬರೆದುಹಾಕಬೇಡಿ. ಟರ್ಮಿನಲ್‌ನಿಂದ ಕೋನ್‌ಗೆ ಹೋಗುವ ಹೆಣೆದ ಮೆತ್ತನೆಯ ತಂತಿ ಇದೆಯಲ್ಲ, ದಶಕಗಳ ಕಾಲ ಕುಣಿದು ಅದು ಬುಡದಲ್ಲಿ ತುಂಡಾಗಿರುವುದೇ ಎಷ್ಟೋ ಬಾರಿ ಕಾರಣ. ಮೀಟರ್‌ನ ಮೊನೆಗಳನ್ನು ಟರ್ಮಿನಲ್ ಬಿಟ್ಟು ಕೋನ್ ಮೇಲಿನ ಬೆಸುಗೆಯ ಚುಕ್ಕೆಗಳಿಗೆ ತಾಗಿಸಿ. ಅಲ್ಲಿ ಓಮ್ ಸಿಕ್ಕಿದರೆ ಒಂದು ತುಂಡು ತಂತಿ ಮತ್ತು ಚುರುಕಾದ ಬೆಸುಗೆಯಲ್ಲಿ ಕೆಲಸ ಮುಗಿಯಿತು.

ಎರಡು ಸ್ಪೀಕರ್‌ಗಳಿರುವ ಆಂಪ್‌ನಲ್ಲಿ ಜೋಡಣೆಯ ಬಗೆಯೇ ಸುಳಿವು ಕೊಡುತ್ತದೆ. ಫೆಂಡರ್ ಟ್ವಿನ್ ರಿವರ್ಬ್‌ನಲ್ಲಿ 8 ಓಮ್‌ನ ಎರಡನ್ನು ಸಮಾಂತರವಾಗಿ ಜೋಡಿಸಿ 4 ಓಮ್ ಮಾಡಿದ್ದಾರೆ. ಒಂದು ಸತ್ತರೆ ಇನ್ನೊಂದು ಹಾಡುತ್ತದೆ, ಆದರೆ ಇಡೀ ಹೊರೆ ಅದರ ತಲೆಯ ಮೇಲೆ ಬಿದ್ದು ಅದೂ ಬೇಗ ಸಾಯುತ್ತದೆ. ವೋಕ್ಸ್ ಎಸಿ30ರಲ್ಲಿ ಎರಡೂ ಸರಣಿಯಲ್ಲಿವೆ. ಒಂದರ ಕಾಯಿಲ್ ತುಂಡಾದರೆ ಎರಡೂ ಮೌನ. ನಾಲ್ಕು ಸ್ಪೀಕರ್‌ಗಳ ಮಾರ್ಷಲ್ ಪೆಟ್ಟಿಗೆಯಲ್ಲಿ ಸರಣಿ ಜೋಡಿಗಳೆರಡನ್ನು ಸಮಾಂತರವಾಗಿ ಕಟ್ಟಿರುವುದರಿಂದ ಎರಡು ಸ್ಪೀಕರ್ ಒಟ್ಟಿಗೆ ಸುಮ್ಮನಾದರೆ, ಸತ್ತದ್ದು ಒಂದೇ ಇರಬಹುದು.

ಇನ್ನು ಸುಟ್ಟ ಕಾಯಿಲ್‌ನ ಮಾತು. ಗಿಟಾರ್ ಸ್ಪೀಕರ್‌ಗೆ ಹೋದ ಶಕ್ತಿಯಲ್ಲಿ ಶಬ್ದವಾಗುವುದು ನೂರಕ್ಕೆ ಕೆಲವೇ ಪಾಲು. ಮಿಕ್ಕದ್ದೆಲ್ಲ ಕಾಯಿಲ್‌ನಲ್ಲಿ ಬಿಸಿಯಾಗುತ್ತದೆ. 1950ರ ದಶಕದ ಜೆನ್ಸನ್‌ಗಳಲ್ಲಿ ಕಾಯಿಲ್ ಸುತ್ತುತ್ತಿದ್ದುದು ಕಾಗದದ ಕೊಳವೆಯ ಮೇಲೆ, ಸಣ್ಣ ಮಾದರಿಗಳ ತಾಳಿಕೆ ಹತ್ತು–ಹದಿನೈದು ವ್ಯಾಟ್‌ನ ಆಸುಪಾಸು. ವೋಕ್ಸ್‌ನ ‘ಬ್ಲೂ’ ಕೂಡ 15 ವ್ಯಾಟ್‌ನದೇ. 30 ವ್ಯಾಟ್‌ನ ಆಂಪ್‌ಗೆ ಅಂಥವು ಎರಡು, ಲೆಕ್ಕ ಸರಿಯಾಗಿಯೇ ಇದೆ. ಆದರೆ ಆ 30 ಎಂಬುದು ಶುದ್ಧ ದನಿಯ ಲೆಕ್ಕ. ವಾಲ್ಯೂಮ್ ಪೂರ್ತಿ ತಿರುಗಿಸಿ ದನಿ ಒಡೆಯುವಾಗ ಆಂಪ್ ಅದಕ್ಕಿಂತ ಹೆಚ್ಚನ್ನೇ ಹೊರಹಾಕುತ್ತದೆ. ಆ ಕಾಲದ ಸ್ಪೀಕರ್‌ಗಳು ಸಾಲುಸಾಲಾಗಿ ಸುಟ್ಟದ್ದು ಇದರಿಂದ. ಕ್ಯಾಲಿಫೋರ್ನಿಯಾದಲ್ಲಿ 1960ರ ಆಸುಪಾಸಿಗೆ ಗಿಟಾರ್ ವಾದಕ ಡಿಕ್ ಡೇಲ್ ಒಂದರ ಹಿಂದೊಂದರಂತೆ ಸ್ಪೀಕರ್ ಸುಡುತ್ತಿದ್ದಾಗ ಆಂಪ್ ತಯಾರಕ ಲಿಯೋ ಫೆಂಡರ್ ಮೊರೆಹೋದದ್ದು ಜೆಬಿಎಲ್ ಕಂಪನಿಗೆ. ಹದಿನೈದು ಅಂಗುಲದ, ನಾಲ್ಕು ಅಂಗುಲದ ಕಾಯಿಲ್‌ನ ಡಿ130 ಎಂಬ ಸ್ಪೀಕರ್ ಗಿಟಾರ್‌ಗೆಂದು ಹೊಂದಿಸಿಕೊಂಡು ಡಿ130ಎಫ್ ಆಯಿತು. ಕೊನೆಯ ಎಫ್ ಫೆಂಡರ್‌ನದು.

ನಾಲ್ಕು ತಂತಿಯ ಸ್ಪೀಕರ್

1930ರ ದಶಕದ ಆಂಪ್‌ಗಳಲ್ಲಿ, ಉದಾಹರಣೆಗೆ ಜಾಝ್ ಗಿಟಾರ್ ವಾದಕ ಚಾರ್ಲಿ ಕ್ರಿಶ್ಚಿಯನ್ ಬಳಸಿದ ಗಿಬ್ಸನ್ ಇಎಚ್-150ರಂಥವುಗಳಲ್ಲಿ, ಸ್ಪೀಕರ್‌ಗೆ ಎರಡರ ಬದಲು ಹೆಚ್ಚು ತಂತಿಗಳಿರುತ್ತವೆ. ಆಗ ಅಗ್ಗದ, ಪ್ರಬಲ ಶಾಶ್ವತ ಅಯಸ್ಕಾಂತ ಇರಲಿಲ್ಲ. ಕಬ್ಬಿಣದ ಸುತ್ತ ಸಾವಿರಾರು ಸುತ್ತಿನ ತಂತಿ ಸುತ್ತಿ, ಅದರಲ್ಲಿ ವಿದ್ಯುತ್ ಹರಿಸಿ ಅಯಸ್ಕಾಂತ ಮಾಡುತ್ತಿದ್ದರು. ಅದೇ ಫೀಲ್ಡ್ ಕಾಯಿಲ್. ಜಾಣತನವೆಂದರೆ, ಆಂಪ್‌ನ ವಿದ್ಯುತ್ ಪೂರೈಕೆಯನ್ನು ಸೋಸುವ ಚೋಕ್ ಆಗಿಯೂ ಅದನ್ನೇ ದುಡಿಸಿಕೊಂಡರು.

ಹಾಗಾಗಿ ಫೀಲ್ಡ್ ಕಾಯಿಲ್ ತುಂಡಾದರೆ ಬರೀ ಸ್ಪೀಕರ್ ಸಾಯುವುದಿಲ್ಲ, ಆಂಪ್‌ಗೇ ಹೈ ವೋಲ್ಟೇಜ್ ತಪ್ಪುತ್ತದೆ. ಲಕ್ಷಣ ಸ್ಪಷ್ಟ: ವಾಲ್ವ್‌ಗಳು ಕೆಂಪಗೆ ಹೊತ್ತಿವೆ, ಸದ್ದಿಲ್ಲ, ಸಣ್ಣ ಗುಂಯ್ ಕೂಡ ಇಲ್ಲ. ಆಂಪ್ ಆರಿಸಿ, ಕೆಪಾಸಿಟರ್ ಖಾಲಿ ಮಾಡಿ, ಆ ಕಾಯಿಲ್‌ನ ತುದಿಗಳನ್ನು ಅಳೆಯಿರಿ. ನೂರಾರು ಅಥವಾ ಸಾವಿರಾರು ಓಮ್ ಬರಬೇಕು. ಕಾಯಿಲ್ ಸರಿಯಿದ್ದರೆ ಆಂಪ್ ಹೊತ್ತಿಸಿದ ಮೇಲಷ್ಟೇ ಅಯಸ್ಕಾಂತದ ಸೆಳೆತ ಕಾಣಿಸಿಕೊಳ್ಳುತ್ತದೆ. ಆ ತಂತಿಗಳಲ್ಲಿ ಜೀವ ತೆಗೆಯುವ ವೋಲ್ಟೇಜ್ ಹರಿಯುತ್ತಿರುತ್ತದೆ. ಬಟ್ಟೆಯ ಹೊದಿಕೆ ಪುಡಿಯಾದ ಹಳೆಯ ತಂತಿ ಕಂಡರೆ ಮುಟ್ಟುವುದೇ ಬೇಡ. ಅಂಥ ಸ್ಪೀಕರ್ ತೆಗೆದು ಸಾಧಾರಣ ಸ್ಪೀಕರ್ ಹಾಕುವುದಾದರೆ ಫೀಲ್ಡ್ ಕಾಯಿಲ್‌ನ ಜಾಗಕ್ಕೆ ಅದಕ್ಕೆ ಹೊಂದುವ ಚೋಕ್ ಮತ್ತು ರೆಸಿಸ್ಟರ್ ಹಾಕಲೇಬೇಕು, ಇಲ್ಲವಾದರೆ ವೋಲ್ಟೇಜ್ ಏರಿ ವಾಲ್ವ್‌ಗಳಿಗೆ ಕುತ್ತು.

ಕರಕರ ಉಜ್ಜುವ ಸದ್ದು

ಇದು ಈ ಕೈಪಿಡಿಯ ಮುಖ್ಯ ರೋಗ. ಕಾಯಿಲ್ ತನ್ನ ಅಂತರದಲ್ಲಿ ನೇರವಾಗಿ ಚಲಿಸದೆ ಲೋಹಕ್ಕೆ ತಾಗುತ್ತಿದೆ. ಸ್ಪೀಕರ್ ಅನ್ನು ಮೇಜಿನ ಮೇಲೆ ಮಲಗಿಸಿ, ಮಧ್ಯದ ಗುಮ್ಮಟದ ಸುತ್ತ ಎರಡೂ ಕೈಗಳ ಬೆರಳುಗಳನ್ನು ಸಮನಾಗಿ ಇಟ್ಟು, ಹಗುರವಾಗಿ ಒತ್ತಿ ಬಿಡಿ. ಕಿವಿ ಹತ್ತಿರ ಇರಲಿ. ಮೌನವಾಗಿ ಹೋಗಿ ಬಂದರೆ ಸರಿ. ಮರಳು ಕಾಗದ ಉಜ್ಜಿದಂತೆ ಕೇಳಿದರೆ ಕಾಯಿಲ್ ತಾಗುತ್ತಿದೆ. ಒಂದೇ ಬದಿಯಿಂದ ಒತ್ತಿದರೆ ಸರಿಯಾದ ಸ್ಪೀಕರ್ ಕೂಡ ಉಜ್ಜುತ್ತದೆ, ಆದ್ದರಿಂದ ಸಮನಾಗಿ ಒತ್ತುವುದು ಮುಖ್ಯ.

ಕಾರಣ ಹುಡುಕುವ ಕ್ರಮ ಅಗ್ಗದ್ದರಿಂದ ದುಬಾರಿಯ ಕಡೆಗೆ ಹೋಗಲಿ. ಪೆಟ್ಟಿಗೆಯಲ್ಲಿದ್ದಾಗ ಉಜ್ಜುವ ಸ್ಪೀಕರ್ ಹೊರಗೆ ತೆಗೆದ ಕೂಡಲೇ ಸುಮ್ಮನಾದರೆ, ಸ್ಕ್ರೂಗಳನ್ನು ಅತಿಯಾಗಿ ಬಿಗಿದು ಫ್ರೇಮ್ ಸೊಟ್ಟಗಾಗಿದೆ. ಜೆನ್ಸನ್‌ನ ಫ್ರೇಮ್ ತೆಳು ತಗಡನ್ನು ಒತ್ತಿ ಮಾಡಿದ್ದು. ಮರದ ಹಲಗೆ ಬಾಗಿದರೆ ಅದೂ ಬಾಗುತ್ತದೆ. ಇದು ಅಂದಿನಿಂದಲೂ ಇರುವ ತೊಂದರೆಯೇ. ಡಿ130ಎಫ್ ಮಾಡುವಾಗ ಜೆಬಿಎಲ್ ಕಾಯಿಲ್‌ನ ಅಂತರವನ್ನು ಕೊಂಚ ಸಡಿಲಗೊಳಿಸಿತು, ಗಿಟಾರ್ ಆಂಪ್‌ನ ಹಲಗೆಗೆ ಬಿಗಿದಾಗ ಉಜ್ಜದಿರಲೆಂದು. ಸ್ಕ್ರೂಗಳನ್ನು ಎದುರುಬದುರಾಗಿ, ಬೆರಳಿನ ಬಿಗಿಗಿಂತ ತುಸು ಹೆಚ್ಚು ಬಿಗಿದರೆ ಸಾಕು.

ಹೊರಗೂ ಉಜ್ಜಿದರೆ ಸ್ಪೀಕರ್ ಅನ್ನು ಅರ್ಧ ಸುತ್ತು ತಿರುಗಿಸಿ ಮತ್ತೆ ಕೂರಿಸಿ. ಐವತ್ತು ವರ್ಷ ಒಂದೇ ಭಂಗಿಯಲ್ಲಿ ನಿಂತ ಕೋನ್ ಭೂಮಿಯ ಸೆಳೆತಕ್ಕೆ ಜೋತಿರುತ್ತದೆ. ತಲೆಕೆಳಗಾಗಿಸಿದರೆ ಎಷ್ಟೋ ಬಾರಿ ನೆಟ್ಟಗಾಗುತ್ತದೆ. ಒಂದು ರೂಪಾಯಿ ಖರ್ಚಿಲ್ಲದ ಚಿಕಿತ್ಸೆ.

ಕೋನ್ ಒತ್ತಿದರೂ ಕದಲದೆ ಕಲ್ಲಿನಂತೆ ನಿಂತಿದ್ದರೆ ಅಯಸ್ಕಾಂತ ಜರುಗಿದೆ. 1960ರ ದಶಕದ ಸೆರಾಮಿಕ್ ಸ್ಪೀಕರ್‌ಗಳಲ್ಲಿ ಇದು ಸಾಮಾನ್ಯ: ಭಾರವಾದ ಅಯಸ್ಕಾಂತದ ಬಿಲ್ಲೆಯನ್ನು ಹಿಡಿದಿರುವುದು ಬರೀ ಅಂಟು, ಅಂಟಿಗೂ ವಯಸ್ಸಾಗಿದೆ. ಕೊರಿಯರ್‌ನವರು ಆಂಪ್ ಅನ್ನು ಒಮ್ಮೆ ಧೊಪ್ಪೆಂದು ಇಳಿಸಿದರೆ ಸಾಕು. ವಿದೇಶದಿಂದ ಸಾಗಿಬಂದ ಆಂಪ್ ಮೂಕವಾಗಿದ್ದರೆ, ಮೀಟರ್‌ನಲ್ಲಿ ಓಮ್ ಸರಿಯಾಗಿ ಬಂದರೆ, ಮೊದಲು ಶಂಕಿಸಬೇಕಾದದ್ದು ಇದನ್ನೇ. ಸುತ್ತಿಗೆಯಿಂದ ತಟ್ಟಿ ನೆಟ್ಟಗೆ ಮಾಡುವ ಸಾಹಸ ಬೇಡ.

ಇವ್ಯಾವುದೂ ಅಲ್ಲವಾದರೆ ಕಾಯಿಲ್ ಬಿಸಿಗೆ ಉಬ್ಬಿದೆ ಅಥವಾ ಸುತ್ತು ಬಿಟ್ಟಿದೆ. ಮೂಗು ಹತ್ತಿರ ಹಿಡಿದರೆ ಸುಟ್ಟ ವಾರ್ನಿಷ್ ವಾಸನೆ. ಇದಕ್ಕೆ ಹೊಸ ಕಾಯಿಲ್ ಬಿಟ್ಟರೆ ಮದ್ದಿಲ್ಲ.

ಒಂದೇ ಸ್ವರಕ್ಕೆ ಝರ್ರ್

ಎಲ್ಲ ಸ್ವರಗಳೂ ಚೆನ್ನ, ಒಂದು ಮಾತ್ರ ಝರ್ರ್ ಎನ್ನುತ್ತದೆ ಎಂದರೆ ಯಾವುದೋ ಸಡಿಲ ವಸ್ತು ಆ ಆವರ್ತನಕ್ಕೆ ನಡುಗುತ್ತಿದೆ. ಕಾಯಿಲ್ ಉಜ್ಜುವಿಕೆ ಹೀಗೆ ಆಯ್ಕೆ ಮಾಡಿಕೊಂಡು ಬರುವುದಿಲ್ಲ. ಗಿಟಾರ್ ಕೆಳಗಿಟ್ಟು, ಮೊಬೈಲ್‌ನಲ್ಲಿ ಟೋನ್ ಜನರೇಟರ್ ಆಪ್ ಹಾಕಿ, 80 ಹರ್ಟ್ಸ್‌ನಿಂದ 500ರವರೆಗೆ ನಿಧಾನವಾಗಿ ಏರಿಸಿ. ಗಿಟಾರ್‌ನ ದಪ್ಪ ತಂತಿ ಸುಮಾರು 82 ಹರ್ಟ್ಸ್, ಅದರ ಮೇಲಿನದು 110. ಝರ್ರ್ ಬಂದಲ್ಲಿ ನಿಲ್ಲಿಸಿ ಒಂದು ಬೆರಳಿನಿಂದ ಒಂದೊಂದನ್ನೇ ಮುಟ್ಟುತ್ತ ಹೋಗಿ: ಹೆಸರಿನ ಫಲಕ, ಹಿಡಿಕೆ, ಹಿಂಬದಿಯ ಹಲಗೆ, ಗ್ರಿಲ್ ಬಟ್ಟೆ, ವಾಲ್ವ್ ಹಿಡಿದಿಡುವ ಸ್ಪ್ರಿಂಗ್, ರಿವರ್ಬ್ (ಮಾರ್ದನಿ) ಪೆಟ್ಟಿಗೆ. ಮುಟ್ಟಿದಾಗ ನಿಂತರೆ ಅದೇ ಕಳ್ಳ.

ಪೆಟ್ಟಿಗೆಯಲ್ಲಿ ಸಿಗದಿದ್ದರೆ ಸ್ಪೀಕರ್‌ಗೆ ಬನ್ನಿ. ಮಧ್ಯದ ಗುಮ್ಮಟದ ಅಂಚಿನಲ್ಲಿ ಅಂಟು ಬಿಟ್ಟಿರುವುದು, ಮೆತ್ತನೆಯ ತಂತಿ ಕೋನ್‌ಗೆ ಬಡಿಯುವುದು, ಹಿಂಬದಿಯ ಸುಕ್ಕುಸುಕ್ಕಾದ ಬಟ್ಟೆಯ ಬಿಲ್ಲೆ (ಕೆಲಸದವರು ಸ್ಪೈಡರ್ ಎನ್ನುವುದು) ಫ್ರೇಮ್‌ನಿಂದ ಎದ್ದಿರುವುದು, ಈ ಮೂರೇ ಹೆಚ್ಚು. ಇತ್ತೀಚೆಗೆ ಒಂದು ಆಂಪ್‌ನಲ್ಲಿ ಕೋನ್ ಹಾಕಿಸಲೇಬೇಕು ಎಂದು ತೀರ್ಮಾನವಾಗಿತ್ತು. ಟಾರ್ಚ್ ಓರೆಯಾಗಿ ಹಿಡಿದು ನೋಡಿದರೆ ಗುಮ್ಮಟದ ಅಂಚು ಉಗುರಗಲದಷ್ಟು ಎದ್ದು, 110 ಹರ್ಟ್ಸ್‌ಗೆ ಪಟಪಟ ಹೊಡೆದುಕೊಳ್ಳುತ್ತಿತ್ತು. ಕಡ್ಡಿಯ ತುದಿಯಲ್ಲಿ ಎರಡು ಹನಿ ಅಂಟು ಹಾಕಿ ಒಂದು ರಾತ್ರಿ ಬಿಟ್ಟರೆ ಮುಗಿಯುವ ಕೆಲಸ.

ಹರಿದ ಕೋನ್

ಕೋನ್ ಹರಿದರೆ ಆಂಪ್ ಗೊರಗೊರ ಎನ್ನುತ್ತದೆ. ಆ ಗೊರಗೊರವನ್ನೇ ಬಯಸಿದವರೂ ಇದ್ದರು. 1951ರಲ್ಲಿ ಅಮೆರಿಕದ ಮೆಂಫಿಸ್‌ಗೆ ಧ್ವನಿಮುದ್ರಣಕ್ಕೆಂದು ಬರುವಾಗ ಗಿಟಾರ್ ವಾದಕ ವಿಲ್ಲಿ ಕಿಜಾರ್ಟ್ ಅವರ ಆಂಪ್‌ನ ಕೋನ್ ಕೆಟ್ಟಿತ್ತು. ಸ್ಟುಡಿಯೊ ಮಾಲೀಕ ಸ್ಯಾಮ್ ಫಿಲಿಪ್ಸ್ ಅದರೊಳಗೆ ಕಾಗದ ತುರುಕಿ ಮುದ್ರಣ ಮುಗಿಸಿದರು. ಇನ್ನೊಬ್ಬ ಗಿಟಾರ್ ವಾದಕ ಲಿಂಕ್ ರೇ 1958ರ ಹೊತ್ತಿಗೆ ತಮ್ಮ ಕೋನನ್ನು ಬೇಕೆಂದೇ ಪೆನ್ಸಿಲ್‌ನಿಂದ ಚುಚ್ಚಿದರು. 1964ರಲ್ಲಿ ಇಂಗ್ಲೆಂಡಿನ ಕಿಂಕ್ಸ್ ತಂಡದ ಡೇವ್ ಡೇವಿಸ್ ತಮ್ಮ ಪುಟ್ಟ ಆಂಪ್‌ನ ಕೋನನ್ನು ಬ್ಲೇಡಿನಿಂದ ಸೀಳಿದರು. ನಿಮ್ಮ ಕೈಯಲ್ಲಿರುವುದು ಮೂಲ ಜೆನ್ಸನ್ ಆಗಿದ್ದರೆ ಇವರನ್ನು ಅನುಕರಿಸಬೇಡಿ.

ಸಣ್ಣ ಹರಕಿಗೆ ತೆಳುವಾದ ಟಿಶ್ಯೂ ಕಾಗದ, ನೀರು ಬೆರೆಸಿದ ಬಿಳಿ ಅಂಟು. ಎರಡೂ ಬದಿಗೆ, ಹರಕಿಗಿಂತ ಅರ್ಧ ಅಂಗುಲ ಹೊರಚಾಚುವಂತೆ ಹಚ್ಚಿ. ಕ್ಷಣದಲ್ಲಿ ಗಟ್ಟಿಯಾಗುವ ಅಂಟು ಬೇಡ. ಅದು ಗಾಜಿನಂತೆ ಗಡುಸಾಗಿ, ಅದರ ಅಂಚಿನಲ್ಲೇ ಕಾಗದ ಮತ್ತೆ ಬಿರಿಯುತ್ತದೆ. ದಪ್ಪ ತೇಪೆಯೂ ಬೇಡ, ಭಾರ ಹೆಚ್ಚಿದಷ್ಟು ಮೇಲಿನ ಸ್ವರಗಳು ಮಂಕಾಗುತ್ತವೆ. ಹೊರ ಅಂಚಿನ ಸುಕ್ಕುಗಳಲ್ಲಿ ಸುತ್ತಲೂ ಬಿರುಕು ಬಿಟ್ಟಿದ್ದರೆ ಮಾತ್ರ ತೇಪೆ ನಿಲ್ಲುವುದಿಲ್ಲ.

ಸದ್ದಿದೆ, ಕಸುವಿಲ್ಲ

ಎರಡು ಸ್ಪೀಕರ್‌ಗಳ ಆಂಪ್ ತೆಳ್ಳಗೆ, ಕೆಳಸ್ವರವೇ ಇಲ್ಲದಂತೆ ಕೇಳಿದರೆ ಒಂದು ಮುಂದೆ ತಳ್ಳುವಾಗ ಇನ್ನೊಂದು ಹಿಂದೆ ಎಳೆಯುತ್ತಿದೆ. ಒಂದೂವರೆ ವೋಲ್ಟಿನ ಬ್ಯಾಟರಿಯನ್ನು ಟರ್ಮಿನಲ್‌ಗಳಿಗೆ ಕ್ಷಣಮಾತ್ರ ತಾಗಿಸಿ ಕೋನ್ ಎತ್ತ ಚಲಿಸಿತು ನೋಡಿ. ಹಳೆಯ ಜೆಬಿಎಲ್‌ಗಳು ಇಲ್ಲಿ ಎಲ್ಲರನ್ನೂ ಬೇಸ್ತು ಬೀಳಿಸುತ್ತವೆ: ಕೆಂಪು ಟರ್ಮಿನಲ್‌ಗೆ ಧನ ತುದಿ ಕೊಟ್ಟರೆ ಅವುಗಳ ಕೋನ್ ಒಳಕ್ಕೆ ಹೋಗುತ್ತದೆ, ಬೇರೆಯವರದು ಹೊರಕ್ಕೆ. ಒಂದು ಜೆಬಿಎಲ್, ಒಂದು ಜೆನ್ಸನ್ ಹಾಕಿ ಕೆಂಪಿಗೆ ಕೆಂಪು ಜೋಡಿಸಿದರೆ ದನಿ ಸೋರಿಹೋಗುತ್ತದೆ. ಬಣ್ಣ ನಂಬಬೇಡಿ, ಬ್ಯಾಟರಿ ನಂಬಿ.

ಆಲ್ನಿಕೋ ಸ್ಪೀಕರ್ ದುರ್ಬಲವಾದರೆ ‘ಅಯಸ್ಕಾಂತ ಇಳಿದಿದೆ’ ಎನ್ನುವವರು ಬಹಳ. ಯಾರಾದರೂ ಅಯಸ್ಕಾಂತವನ್ನು ಬಿಚ್ಚಿ ಮತ್ತೆ ಜೋಡಿಸಿದ್ದರೆ ಅದು ನಿಜವಿರಬಹುದು, ಬಿಚ್ಚಿದ ಕೂಡಲೇ ಆಲ್ನಿಕೋ ಬಲ ಕಳೆದುಕೊಳ್ಳುತ್ತದೆ. ಬಿಚ್ಚದ ಸ್ಪೀಕರ್‌ನಲ್ಲಿ ಮಾತ್ರ ಇದು ಪಟ್ಟಿಯ ಕೊನೆಯ ಶಂಕೆಯಾಗಿರಲಿ. ಸೋತ ವಾಲ್ವ್‌ಗಳನ್ನು ಮೊದಲು ನೋಡಿ.

ಬಾರಿಸದ ಸ್ವರ ಕೇಳಿಸಿದರೆ

ಮೇಲಿನ ತಂತಿಗಳನ್ನು ಬಾರಿಸುವಾಗ ಹಿಂದೆ ಇನ್ನೊಂದು ಕ್ಷೀಣ ಸ್ವರ ಅಪಸ್ವರವಾಗಿ ಗೊಣಗುವುದುಂಟು. ಇದಕ್ಕೆ ಎರಡು ಮೂಲ. 440 ಹರ್ಟ್ಸ್‌ನ ಸ್ವರ ಬಾರಿಸಿದಾಗ ಸುಮಾರು 220 ಕೇಳಿದರೆ, ಅಂದರೆ ಒಂದು ಸ್ಥಾಯಿ ಕೆಳಗಿನದು, ಅದು ಕೋನ್‌ನದು. ಹಗುರ ಕಾಗದದ ಕೋನ್ ಹಾಗೆ ಅಳುತ್ತದೆ. ಹೊಸದಾಗಿದ್ದಾಗಲೂ ಅಳುತ್ತಿದ್ದ ಸ್ಪೀಕರ್‌ಗಳಿವೆ, ಇದನ್ನು ತಗ್ಗಿಸಲೆಂದೇ ಅಂಚಿಗೆ ಜಿಗುಟಾದ ಲೇಪ ಹಚ್ಚುತ್ತಾರೆ. 340 ಅಥವಾ 540 ಕೇಳಿದರೆ ಸ್ಪೀಕರ್ ನಿರಪರಾಧಿ. ಆಂಪ್‌ನ ಫಿಲ್ಟರ್ ಕೆಪಾಸಿಟರ್‌ಗಳು ಒಣಗಿ, ವಿದ್ಯುತ್ತಿನ 100 ಹರ್ಟ್ಸ್ ಅಲೆ ಸ್ವರದೊಂದಿಗೆ ಬೆರೆಯುತ್ತಿದೆ. ಅಮೆರಿಕದಲ್ಲಿ ಇದೇ ದೋಷ 120 ಹರ್ಟ್ಸ್ ಅಂತರದಲ್ಲಿ ಕೇಳುತ್ತದೆ. ಅಲ್ಲಿಯವರ ವಿಡಿಯೊ ನೋಡಿ ಸಂಖ್ಯೆ ಹೊಂದಿಸುವವರು ಇದನ್ನು ಗಮನಿಸಬೇಕು.

ಕೋನ್ ಹಾಕಿಸುವುದೇ ಆದರೆ

ಬೆಂಗಳೂರಿನ ಎಸ್.ಪಿ. ರಸ್ತೆಯ ಸುತ್ತಮುತ್ತಲೂ, ಮೈಕ್ ಸೆಟ್ ಬಾಡಿಗೆಗೆ ಕೊಡುವ ಊರೂರುಗಳಲ್ಲೂ ಕೋನ್ ಹಾಕುವ ಕೈಗಳಿವೆ. ಕಾಯಿಲ್ ನಡುಮಧ್ಯೆ ಕೂರಿಸುವ ಅವರ ಹದ ಮೆಚ್ಚುವಂಥದ್ದೇ. ತೊಂದರೆ ಕೈಯದಲ್ಲ, ಸಾಮಾನಿನದು. ಅವರ ಬಳಿ ಇರುವುದು ಸಭೆ–ಸಮಾರಂಭಗಳ ಸ್ಪೀಕರ್‌ಗೆಂದು ಮಾಡಿದ ದಪ್ಪ ಕೋನ್, ಬಟ್ಟೆಯ ಅಂಚು, ಉದ್ದನೆಯ ಕಾಯಿಲ್. ಗಿಟಾರ್ ಸ್ಪೀಕರ್‌ಗೆ ಬೇಕಾದದ್ದು ಹಗುರ ಕಾಗದ, ಅದೇ ಕಾಗದವನ್ನು ಸುಕ್ಕಿಸಿ ಮಾಡಿದ ಅಂಚು, ಗಿಡ್ಡ ಕಾಯಿಲ್. ಗ್ರೀನ್‌ಬ್ಯಾಕ್‌ನಲ್ಲೇ 75 ಹರ್ಟ್ಸ್ ಅನುರಣನದ ಕೋನ್ ಬೇರೆ, 55 ಹರ್ಟ್ಸ್‌ನದು ಬೇರೆ. ಅದಲು ಬದಲಾದರೆ ಕಿವಿಗೆ ಗೊತ್ತಾಗುತ್ತದೆ. ಸರಿಯಾದ ಕೋನ್ ಕಿಟ್ ನೀವೇ ತರಿಸಿ ಅವರ ಕೈಗೆ ಕೊಡಿ. ಅದು ಸಿಗುವವರೆಗೆ ಮೂಲ ಸ್ಪೀಕರನ್ನು ಒಣ ಜಾಗದಲ್ಲಿ ಎತ್ತಿಟ್ಟು ಬೇರೊಂದನ್ನು ಬಳಸಿ. ನಮ್ಮ ಮಳೆಗಾಲದ ತೇವ ಹಳೆಯ ಕಾಗದಕ್ಕೂ ಅಂಟಿಗೂ ಆಗುವುದಿಲ್ಲ.

ಹೊಸದನ್ನು ಜೋಡಿಸುವ ಮೊದಲು

ಹಳೆಯದು ಏಕೆ ಸತ್ತಿತು ಎಂದು ತಿಳಿಯದೆ ಹೊಸದನ್ನು ಅದೇ ತಂತಿಗೆ ಕಟ್ಟಬೇಡಿ. ವಾಲ್ವ್ ಆಂಪ್‌ನಲ್ಲಿ ಟ್ರಾನ್ಸ್‌ಫಾರ್ಮರ್ ಅಡ್ಡ ಇರುವುದರಿಂದ ನೇರ ವಿದ್ಯುತ್ ಸ್ಪೀಕರ್‌ಗೆ ತಲುಪುವುದಿಲ್ಲ. ಆದರೆ ತುಂಡಾದ ಕಾಯಿಲ್‌ನೊಂದಿಗೆ ಯಾರಾದರೂ ಆಂಪನ್ನು ಬಾರಿಸುತ್ತಲೇ ಇದ್ದಿದ್ದರೆ ಆ ಟ್ರಾನ್ಸ್‌ಫಾರ್ಮರ್‌ಗೆ ಪೆಟ್ಟಾಗಿರಬಹುದು. ಆಂಪ್ ಆರಿಸಿ, ಕೆಪಾಸಿಟರ್ ಖಾಲಿ ಮಾಡಿಸಿ, ಪ್ರಾಥಮಿಕ ಸುರುಳಿಯ ಎರಡು ಅರ್ಧಗಳನ್ನೂ ಅಳೆಯಿಸಿ: ಎರಡೂ ಹತ್ತಿರ ಹತ್ತಿರ ಇರಬೇಕು, ಒಂದು ಪೂರ್ತಿ ಮಾಯವಾಗಿದ್ದರೆ ಅಲ್ಲಿದೆ ಗಂಟು. 1960ರ ದಶಕದಿಂದೀಚೆಗಿನ ಟ್ರಾನ್ಸಿಸ್ಟರ್ ಆಂಪ್ ಆದರೆ ಸ್ಪೀಕರ್ ಜೋಡಿಸುವ ಮೊದಲು ಔಟ್‌ಪುಟ್ ತಂತಿಗಳಲ್ಲಿ ಡಿಸಿ ವೋಲ್ಟೇಜ್ ನೋಡಿ. ಕೆಲವು ಹತ್ತು ಮಿಲಿವೋಲ್ಟ್ ಇದ್ದರೆ ಚಿಂತೆಯಿಲ್ಲ. ಔಟ್‌ಪುಟ್ ಟ್ರಾನ್ಸಿಸ್ಟರ್ ಶಾರ್ಟ್ ಆಗಿ ಆರೂವರೆ ಓಮ್‌ನ ಕಾಯಿಲ್ ಮೇಲೆ 30 ವೋಲ್ಟ್ ಬಿದ್ದರೆ ಅದು 138 ವ್ಯಾಟ್ ಶುದ್ಧ ಬಿಸಿ; ನೀವು ಪ್ಲಗ್ ಕೀಳಲು ಕೈ ಚಾಚುವಷ್ಟರಲ್ಲಿ ಹೊಸ ಸ್ಪೀಕರ್ ಹಳೆಯದರ ಪಕ್ಕ ಸೇರಿರುತ್ತದೆ.